ಫ್ರೆಂಚ್ ಪದಕುಟುಂಬ: ಬೇರು ಎಲ್ಲಿ ಹುಡುಕಬೇಕು, ಸಿಲಬಲ್ ಎಲ್ಲಿ ಕತ್ತರಿಸಬೇಕು?

ತುಂಗಾತೀರ (ಶಿವಮೊಗ್ಗ)

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಲ್ಲಿ ಹತ್ತನೇ ತರಗತಿಯ ನಾಲ್ಕು ಮಕ್ಕಳಿಗೆ ಫ್ರೆಂಚ್ ಹೇಳಿಕೊಡುತ್ತಿದ್ದೇನೆ. ಈಗ ಪದಕುಟುಂಬದ ಪಾಠ. ಒಂದು ಪದ ಕೊಟ್ಟರೆ ಅದರ ಬೇರು ಗುರುತಿಸಬೇಕು, ಅದೇ ಬೇರಿನ ಐದು ಪದ ಬರೆಯಬೇಕು, ಪ್ರತಿಯೊಂದನ್ನೂ ಸಿಲಬಲ್ ಆಗಿ ಬಿಡಿಸಬೇಕು. ಮೂರು ಕಡೆ ಗಂಟು ಬಿದ್ದಿದೆ. (ಉಚ್ಚಾರವನ್ನು ಕನ್ನಡದಲ್ಲಿ ಹತ್ತಿರಹತ್ತಿರ ಬರೆದಿದ್ದೇನೆ. ಕಾಗುಣಿತ ಬೇಕಾದಲ್ಲಿ ಒಂದೊಂದೇ ಅಕ್ಷರದ ಹೆಸರು ಹೇಳಿದ್ದೇನೆ.)

ಒಂದನೆಯದು ‘ತೆರ್’, ಅಂದರೆ ನೆಲ, ಭೂಮಿ. ಕಾಗುಣಿತ ಟಿ-ಇ-ಆರ್-ಆರ್-ಇ. ಪುಸ್ತಕದಲ್ಲಿ ಇದನ್ನು ಎರಡು ತುಂಡು ಮಾಡಿದ್ದಾರೆ. ಆಡಿಯೊ ಕೇಳಿದರೆ ಒಂದೇ ತುಂಡು. ಮಕ್ಕಳು ಯಾವುದನ್ನು ಬರೆಯಬೇಕು?

ಎರಡನೆಯದು, ‘ಫ್ಲರ್’ (ಹೂವು) ಮತ್ತು ‘ಫ್ಲೊರಾಲ್’ ಒಂದೇ ಕುಟುಂಬವಂತೆ. ‘ಮೆರ್’ (ಸಮುದ್ರ) ಮತ್ತು ‘ಮಾರೆಂ’ (ನಾವಿಕ) ಕೂಡ. ಸ್ವರವೇ ಬದಲಾದರೂ ಒಂದೇ ಮನೆಯವರು. ಆದರೆ ‘ತೆರ್’ ಮತ್ತು ‘ತೆರರ್’ (ಭಯ) ಮೊದಲ ಐದು ಅಕ್ಷರ ಒಂದೇ ಇದ್ದರೂ ಸಂಬಂಧವಿಲ್ಲವಂತೆ. ಯಾವ ಆಧಾರದ ಮೇಲೆ ನಿರ್ಧರಿಸುವುದು?

ಮೂರನೆಯದು ‘ದೇಜ಼ಾಗ್ರೇಆಬ್ಲ್’, ಹಿತವಲ್ಲದ್ದು. ಉಪಸರ್ಗ ‘ದೇಜ಼್’ ಎಂದು ಪಾಠದಲ್ಲಿದೆ. ಒಬ್ಬ ಹುಡುಗ ಸಿಲಬಲ್ಲನ್ನೂ ಹಾಗೇ ‘ದೇಜ಼್-ಆ-ಗ್ರೇ…’ ಎಂದು ಕತ್ತರಿಸಿದ. ತಪ್ಪು ಎನಿಸುತ್ತದೆ, ಆದರೆ ಯಾಕೆ ತಪ್ಪು ಎಂದು ಬಿಡಿಸಿ ಹೇಳಲು ಆಗುತ್ತಿಲ್ಲ.

ಗಮಕಿ_ಸಾಗರ

ತುಂಗಾತೀರ ಅವರೇ, ಮರದಿಂದ ಅಡಿಕೆ ಗೊನೆ ಇಳಿಸುವ ಕತ್ತಿ ಬೇರೆ, ಅಡಿಕೆ ಸುಲಿಯುವ ಮೆಟ್ಟುಗತ್ತಿ ಬೇರೆ. ನಿಮ್ಮ ಹುಡುಗ ಒಂದರ ಕೆಲಸವನ್ನು ಇನ್ನೊಂದರಲ್ಲಿ ಮಾಡಿದ್ದಾನೆ, ಅಷ್ಟೆ. ಬೇರು ಹುಡುಕುವುದು ಅರ್ಥದ ಕೆಲಸ, ಸಿಲಬಲ್ ಬಿಡಿಸುವುದು ಕಿವಿಯ ಕೆಲಸ. ಕನ್ನಡದಲ್ಲಿ ಸಂಧಿ ಬಿಡಿಸುವುದಕ್ಕೂ ಪ್ರಸ್ತಾರ ಹಾಕುವುದಕ್ಕೂ ಇರುವ ವ್ಯತ್ಯಾಸವೇ ಇದು. ‘ನಿರಾಶೆ’ಯನ್ನು ಸಂಧಿ ಬಿಡಿಸಿದರೆ ನಿರ್ + ಆಶೆ. ಪ್ರಸ್ತಾರಕ್ಕೆ ಕೂತರೆ ನಿ-ರಾ-ಶೆ. ಉಪಸರ್ಗದ ರೇಫ ಮುಂದಿನ ಸ್ವರಕ್ಕೆ ಹಾರಿಹೋಯಿತು, ಯಾರೂ ಅದನ್ನು ‘ನಿರ್-ಆ-ಶೆ’ ಎಂದು ಉಚ್ಚರಿಸುವುದಿಲ್ಲ. ನಿಮ್ಮ ಮೂರನೇ ಪದದಲ್ಲಿ ಆಗಿರುವುದೂ ಅದೇ. ಅರ್ಥದ ಭಾಗಗಳು ದೇಜ಼್ + ಆ + ಗ್ರೇ + ಆಬ್ಲ್. ನಡುವಿನ ‘ಗ್ರೇ’ಯೇ ಬೇರು, ‘ಮನಸ್ಸಿಗೆ ಒಪ್ಪಿದ್ದು’ ಎಂಬರ್ಥ. ‘ಮಾಲ್ಗ್ರೇ’ (ಹಾಗಿದ್ದರೂ) ಎಂಬಲ್ಲಿಯೂ ಅದೇ ‘ಗ್ರೇ’ ಕೂತಿದೆ. ಸಿಲಬಲ್ ಮಾತ್ರ ದೇ-ಜ಼ಾ-ಗ್ರೇ-ಆಬ್ಲ್, ಬಾಯಲ್ಲಿ ನಾಲ್ಕು. ಎರಡು ಸ್ವರಗಳ ನಡುವೆ ಒಂಟಿ ವ್ಯಂಜನ ಇದ್ದರೆ ಅದು ಯಾವಾಗಲೂ ಮುಂದಿನ ಸ್ವರದ ಮನೆಗೇ ಹೋಗುತ್ತದೆ. ಇದಕ್ಕೆ ಉಪಸರ್ಗ, ಪ್ರತ್ಯಯಗಳ ಹಂಗಿಲ್ಲ.

ಈಗ ‘ತೆರ್’. ಎಣಿಕೆ ಒಂದಲ್ಲ, ಮೂರು ಬಗೆ ಇದೆ. ಪುಸ್ತಕ ಒಂದನ್ನು ಹೇಳುತ್ತಿದೆ, ಆಡಿಯೊ ಇನ್ನೊಂದನ್ನು. ‘ಒಂದು ಸಣ್ಣ ನೆಲ’ ಎಂಬುದನ್ನು ಫ್ರೆಂಚಿನಲ್ಲಿ ತೆಗೆದುಕೊಳ್ಳಿ.

ಬರಹದ ಲೆಕ್ಕ: ಯೂ-ನ, ಪ-ತಿ-ತ, ತೆರ್-ರ. ಒಟ್ಟು 7. ಬರೆದ ಪ್ರತಿ ಸ್ವರವನ್ನೂ, ಉಚ್ಚಾರವಾಗದ ಕೊನೆಯ ‘ಇ’ಯನ್ನೂ ಇಲ್ಲಿ ಎಣಿಸುತ್ತಾರೆ. ಸಾಲಿನ ಕೊನೆಯಲ್ಲಿ ಪದ ಮುರಿಯುವುದಕ್ಕೆ, ಕಾಗುಣಿತ ಕಲಿಸುವುದಕ್ಕೆ ಇದು.

ಪದ್ಯದ ಲೆಕ್ಕ: 6. ಮೂಕ ‘ಇ’ಯ ಮುಂದೆ ವ್ಯಂಜನ ಬಂದರೆ ಎಣಿಕೆಗೆ ಸೇರುತ್ತದೆ. ಮುಂದೆ ಸ್ವರ ಬಂದರೆ ಲೋಪ. ಸಾಲಿನ ಕೊನೆಯಲ್ಲಿದ್ದರೂ ಲೆಕ್ಕಕ್ಕಿಲ್ಲ. ಫ್ರೆಂಚಿನ ಹೆಸರಾಂತ ‘ಅಲೆಕ್ಸಾಂದ್ರೆಂ’ ಸಾಲಿಗೆ 12 ಸಿಲಬಲ್, ಆರರ ನಂತರ ಯತಿ. ಈ ನಿಯಮ ಗೊತ್ತಿಲ್ಲದೆ ಎಣಿಸಿದರೆ 10 ಬರುತ್ತದೆ, ಇಲ್ಲವೇ 14.

ಮಾತಿನ ಲೆಕ್ಕ: ಯೂನ್-ಪ-ತಿತ್-ತೆರ್. ಬರೀ 4. ಮಕ್ಕಳು ಆಡಿಯೊದಲ್ಲಿ ಕೇಳಿದ್ದು ಇದನ್ನು.

ಹಾಗಾಗಿ ಪ್ರಶ್ನೆ ‘ಬರವಣಿಗೆಯ ಸಿಲಬಲ್’ ಕೇಳಿದರೆ ತೆರ್-ರ ಎಂದು ಎರಡು, ‘ಉಚ್ಚಾರದ ಸಿಲಬಲ್’ ಕೇಳಿದರೆ ಒಂದು. ಯಾವುದೆಂದು ಹೇಳದೆ ಕೇಳಿದರೆ ಪ್ರಶ್ನೆಯದೇ ತಪ್ಪು. ಅಂಥಲ್ಲಿ ಮಕ್ಕಳು ಎರಡನ್ನೂ ಬರೆದು, ಯಾವುದು ಯಾವುದೆಂದು ಗುರುತು ಹಾಕಲಿ.

ಬರವಣಿಗೆಯ ನಿಯಮದಲ್ಲಿ ನಮ್ಮ ಮಕ್ಕಳು ಎಲ್ಲಿ ಜಾರುತ್ತಾರೆ ಎಂಬುದೂ ಗೊತ್ತಿರಲಿ. ‘ತೀರ್ಥಹಳ್ಳಿ’ಯನ್ನು ಬಿಡಿಸು ಎಂದರೆ ಮಗು ತೀ-ರ್ಥ-ಹ-ಳ್ಳಿ ಎನ್ನುತ್ತದೆ, ಏಕೆಂದರೆ ಲಿಪಿಯಲ್ಲಿ ಒತ್ತಕ್ಷರ ಒಂದೇ ಗೂಡು. ಆದರೆ ಕಿವಿಗೆ ಕೇಳುವುದು ತೀರ್-ಥ-ಹಳ್-ಳಿ. ಪ್ರಸ್ತಾರದಲ್ಲಿ ‘ಹ’ ಹ್ರಸ್ವವಾದರೂ ಗುರು ಆಗುವುದು ಅದಕ್ಕೇ, ಒತ್ತಿನ ಮೊದಲರ್ಧ ಹಿಂದಕ್ಕೆ ಆತುಕೊಳ್ಳುತ್ತದೆ. ಫ್ರೆಂಚ್ ಬರವಣಿಗೆ ಈ ಕಿವಿಯ ಪದ್ಧತಿಯನ್ನೇ ಹಿಡಿಯುತ್ತದೆ, ಎರಡು ವ್ಯಂಜನ ಸೇರಿದರೆ ನಡುವೆ ಮುರಿ. ಪಾರ್-ತೀರ್ (ಹೊರಡು), ಎಸ್-ಪ್ವಾರ್ (ಭರವಸೆ), ತೆರ್-ರ. ‘ಗುರು ಎಲ್ಲಿ ಬರುತ್ತದೋ ಅಲ್ಲಿ ಮುರಿ’ ಎಂದರೆ ಛಂದಸ್ಸು ಓದಿದ ಮಗುವಿಗೆ ತಟ್ಟನೆ ಹೊಳೆಯುತ್ತದೆ.

ಆದರೆ ಒಂದು ಕಡೆ ನಮ್ಮ ಪ್ರಸ್ತಾರವೇ ದಾರಿ ತಪ್ಪಿಸುತ್ತದೆ. ‘ಪತ್ರ’ದಲ್ಲಿ ‘ಪ’ ಗುರು, ನಾವು ಪತ್-ರ ಎಂದು ಹೊಂದಿಸುತ್ತೇವೆ. ಫ್ರೆಂಚಿನಲ್ಲಿ ಪ, ಬ, ತ, ದ, ಕ, ಗ, ಫ, ವ ಇಂಥ ವ್ಯಂಜನದ ನಂತರ ‘ರ’ ಅಥವಾ ‘ಲ’ ಬಂದರೆ ಆ ಜೋಡಿಯನ್ನು ಒಡೆಯುವುದೇ ಇಲ್ಲ. ಪಾ-ತ್ರೋಂ (ಯಜಮಾನ), ತಾ-ಬ್ಲೋ (ಚಿತ್ರಪಟ). ಮೂರು ವ್ಯಂಜನವಿದ್ದು ಕೊನೆಯೆರಡು ಇಂಥ ಜೋಡಿಯಾದರೆ ಆರ್-ಬ್ರ (ಮರ), ಇಲ್ಲದಿದ್ದರೆ ಎರಡನೆಯದರ ನಂತರ ಮುರಿಯುವುದು: ಓಬ್ಸ್-ತಾ-ಕ್ಲ (ಅಡ್ಡಿ). ಸಿ-ಎಚ್, ಪಿ-ಎಚ್, ಟಿ-ಎಚ್, ಜಿ-ಎನ್ ಎರಡೆರಡು ಅಕ್ಷರವಾದರೂ ಒಂದೇ ವ್ಯಂಜನದ ಲೆಕ್ಕ. ಸ್ವರಗಳ ನಡುವಿನ ಎಕ್ಸ್ ಮತ್ತು ವೈ ಹತ್ತಿರ ಸಾಲು ಮುರಿಯಲೇಬಾರದು.

ಇನ್ನು ಬಾಯಿಯ ವಿಷಯ. ‘ಬಸ್’ ಅನ್ನು ‘ಬಸ್ಸು’ ಮಾಡಿದ ನಾಲಿಗೆ ನಮ್ಮದು. ‘ತೆರ್’ ಅನ್ನು ‘ತೆರ್ರು’ ಎಂದುಬಿಟ್ಟರೆ ಒಂದು ಸಿಲಬಲ್ ಎರಡಾಯಿತು. ‘ಕಾತ್ರ್’ (ನಾಲ್ಕು) ಎಂಬುದಂತೂ ನಮ್ಮ ಬಾಯಲ್ಲಿ ‘ಕಾತರ್’ ಆಗುತ್ತದೆ. ಕೊನೆಯ ವ್ಯಂಜನ ಮುಗಿದ ಮೇಲೆ ಸ್ವರ ಹತ್ತಬಾರದು, ಎರಡು ವ್ಯಂಜನಗಳ ನಡುವೆ ನುಸುಳಲೂಬಾರದು. ಮಕ್ಕಳು ಗಲ್ಲದ ಕೆಳಗೆ ಅಂಗೈ ಇಟ್ಟುಕೊಂಡು ಹೇಳಲಿ. ದವಡೆ ಎಷ್ಟು ಸಲ ಇಳಿಯಿತೋ ಅಷ್ಟೇ ಸಿಲಬಲ್.

ಬೇರುಬಿಳಲು (ಕೊಪ್ಪ)

ಗಮಕಿಗಳು ಕಿವಿಯ ಕೆಲಸ ಮುಗಿಸಿದರು, ಬೇರಿನದು ನಾನು ಹೇಳುತ್ತೇನೆ.

ಮೊದಲು ಕನ್ನಡದಲ್ಲೇ ನೋಡಿ. ತಿನ್ನು, ತಿಂಡಿ, ತಿನಿಸು ಒಂದೇ ಕುಟುಂಬ. ‘ತಿಂಗಳು’ ಅದೇ ‘ತಿಂ’ನಿಂದ ಶುರುವಾದರೂ ನೆಂಟನಲ್ಲ, ಅರ್ಥ ಎಲ್ಲಿಯೂ ತಾಗುವುದಿಲ್ಲ. ‘ತೆರ್’ಗೆ ‘ತೆರರ್’ ಅಂಥದ್ದೇ. ನೆಲದ ‘ತೆರ್’ ಬಂದದ್ದು ಲ್ಯಾಟಿನ್ ‘ತೆರ್ರಾ’ದಿಂದ. ‘ತೆರರ್’, ‘ತೆರೀಬ್ಲ್’ ಬಂದದ್ದು ಹೆದರಿಸು ಎಂಬರ್ಥದ ‘ತೆರ್ರೇರೆ’ ಕ್ರಿಯಾಪದದಿಂದ. ನಿಜವಾದ ಮನೆಯವರು ಯಾರೆಂದರೆ: ತೆರೆಂ (ಜಾಗ, ಮೈದಾನ), ತೆರಿತ್ವಾರ್ (ಪ್ರದೇಶ), ತೆರೋ (ಕುಂಡಕ್ಕೆ ತುಂಬುವ ಗೊಬ್ಬರದ ಮಣ್ಣು), ಆಂತೆರೇ (ಹೂಳು), ದೇತೆರೇ (ಹೂತದ್ದನ್ನು ತೆಗೆ), ಸುತೆರೆಂ (ನೆಲದಡಿಯ), ಆತೆರೀರ್ (ವಿಮಾನ ನೆಲಕ್ಕಿಳಿ). ಅಡುಗೆಮನೆಯ ‘ತೆರೀನ್’ ಕೂಡ ಸೇರಿಸಿ, ಮೂಲತಃ ಅದು ಮಣ್ಣಿನ ಪಾತ್ರೆ. ಪರೀಕ್ಷೆ ಎರಡೇ: ರೂಪ ಹೊಂದಬೇಕು, ಜತೆಗೆ ‘ನೆಲ’ ಎಂಬ ಪದ ಬಳಸಿ ಅದರ ಅರ್ಥ ಹೇಳಲು ಆಗಬೇಕು. ಎರಡೂ ಹೊಂದಿದರೆ ಒಳಗೆ, ಒಂದೇ ಆದರೆ ಅನುಮಾನ.

ಹಾಗಾದರೆ ರೂಪ ಬದಲಾದ ‘ಫ್ಲರ್–ಫ್ಲೊರಾಲ್’ ಹೇಗೆ? ಇದಕ್ಕೆ ನಮ್ಮ ತತ್ಸಮ–ತದ್ಭವವೇ ಉತ್ತರ. ‘ರತ್ನ’ವೂ ಇದೆ, ಬಾಯಲ್ಲಿ ಉರುಟಿ ಸವೆದ ‘ರನ್ನ’ವೂ ಇದೆ. ‘ಪಕ್ಷಿ’ಯೂ ಇದೆ, ‘ಹಕ್ಕಿ’ಯೂ ಇದೆ. ಫ್ರೆಂಚರೂ ಹೀಗೇ. ದಿನಬಳಕೆಯ ಮೂಲಪದ ಜನರ ಬಾಯಲ್ಲಿ ಶತಮಾನಗಟ್ಟಲೆ ಸವೆದ ತದ್ಭವ. ಅದರಿಂದ ಹುಟ್ಟಿದಂತೆ ಕಾಣುವ ವಿಶೇಷಣ ಆಮೇಲೆ ಪಂಡಿತರು ಲ್ಯಾಟಿನ್ ಪುಸ್ತಕದಿಂದ ನೇರ ಎತ್ತಿಕೊಂಡ ತತ್ಸಮ. ಒಂದೇ ಲ್ಯಾಟಿನ್ ಪದ ಎರಡು ದಾರಿಯಲ್ಲಿ ಬಂದು ಎರಡು ಅರ್ಥ ಪಡೆದದ್ದೂ ಉಂಟು: ‘ಪ್ವಾಜ಼ೋಂ’ (ವಿಷ) ಮತ್ತು ‘ಪೊಸ್ಯೋಂ’ (ಕುಡಿಯುವ ಮದ್ದು), ‘ಓತೆಲ್’ ಮತ್ತು ‘ಓಪಿತಾಲ್’.

ಸವೆತಕ್ಕೆ ಕ್ರಮವಿದೆ. ಹಳಗನ್ನಡದ ‘ಪಾಲ್’ ‘ಹಾಲು’ ಆದದ್ದು ಗೊತ್ತಿದ್ದರೆ ‘ಪೂ’ ‘ಹೂ’ ಆದದ್ದನ್ನು ಬೇರೆ ಕಲಿಯಬೇಕಿಲ್ಲ. ಹಾಗೆಯೇ ಫ್ರೆಂಚಿನಲ್ಲಿ ಐದು ಕ್ರಮ ಹಿಡಿದರೆ ಶಾಲೆಯ ಮಟ್ಟದ ಬಹುಪಾಲು ಕುಟುಂಬ ಕೈಗೆ ಸಿಗುತ್ತದೆ.

ಪದದ ಮೊದಲಲ್ಲಿ ಲ್ಯಾಟಿನ್ ‘ಕಾ’ ಇದ್ದದ್ದು ತದ್ಭವದಲ್ಲಿ ‘ಶ’ ಆಯಿತು, ತತ್ಸಮದಲ್ಲಿ ‘ಕ’ ಹಾಗೇ ಉಳಿಯಿತು. ಶಾಲರ್ (ಶಾಖ)–ಕಾಲೊರೀ, ಶಾರ್ಬೋಂ (ಇದ್ದಿಲು)–ಕಾರ್ಬೊನ್, ಶ್ಯೆಂ (ನಾಯಿ)–ಕಾನೆಂ, ಶೆವ್ರ್ (ಆಡು)–ಕಾಪ್ರೆಂ.

ಎರಡು ಸ್ವರಗಳ ನಡುವೆ ಸಿಕ್ಕಿಕೊಂಡ ‘ತ’, ‘ದ’, ‘ಕ’ ತದ್ಭವದಲ್ಲಿ ಕರಗಿಹೋಯಿತು. ಮ್ಯೂರ್ (ಹಣ್ಣಾದ)–ಮಾತ್ಯುರಿತೇ, ಸ್ಯೂರ್ (ಖಚಿತ)–ಸೇಕ್ಯುರಿತೇ, ವೀ (ಬದುಕು)–ವಿತಾಲ್, ನ್ಯೂ (ಬೆತ್ತಲೆ)–ನ್ಯುದಿತೇ. ಸಣ್ಣ ಪದದಲ್ಲಿ ಮಾಯವಾದ ವ್ಯಂಜನ ಉದ್ದದ ಪದದಲ್ಲಿ ಮತ್ತೆ ಎದ್ದು ಕೂತಿರುತ್ತದೆ.

ಒತ್ತು ಬಿದ್ದ ಸ್ವರ ಬದಲಾಯಿತು, ಬೀಳದ್ದು ಬದಲಾಗಲಿಲ್ಲ. ‘ಒ’ ಇದ್ದಲ್ಲಿ ಇ-ಯು ಎಂದು ಬರೆಯುವ ಸ್ವರ ಬಂತು: ಫ್ಲರ್–ಫ್ಲೊರಾಲ್, ಅರ್ (ಗಂಟೆ)–ಒರೆರ್ (ವೇಳಾಪಟ್ಟಿ), ಕರ್ (ಹೃದಯ)–ಕೊರ್ದ್ಯಾಲ್. ‘ಆ’ ಇದ್ದಲ್ಲಿ ‘ಎ’: ಮೆರ್–ಮಾರೆಂ, ಸೆಲ್ (ಉಪ್ಪು)–ಸಾಲೇ (ಉಪ್ಪು ಹಾಕಿದ). ಇದರ ಲಾಭ ಕ್ರಿಯಾಪದದಲ್ಲೂ ಸಿಗುತ್ತದೆ. ‘ಝ ಮರ್’ (ನಾನು ಸಾಯುತ್ತೇನೆ), ‘ನು ಮೂರೋಂ’ (ನಾವು ಸಾಯುತ್ತೇವೆ) ಎಂಬಲ್ಲಿ ಸ್ವರ ಬದಲಾಗುವುದು ಅಪವಾದ ಎಂದು ಉರು ಹೊಡೆಸುತ್ತಾರೆ. ಅಪವಾದ ಎಂತದೂ ಅಲ್ಲ, ಒತ್ತು ಪ್ರತ್ಯಯದ ಮೇಲೆ ಜರುಗಿತು, ಅಷ್ಟೇ.

ನಾಲ್ಕನೆಯದು ನಮ್ಮವರಿಗೆ ಬಹಳ ಸುಲಭ. ಸ್ಕೂಲಿಗೆ ನಮ್ಮ ಹಳ್ಳಿ ಕಡೆ ‘ಇಸ್ಕೂಲು’ ಅನ್ನುವುದಿಲ್ಲವೇ? ಮೊದಲಲ್ಲೇ ‘ಸ್ಕ’, ‘ಸ್ತ’ ಬಂದರೆ ನಾಲಿಗೆಗೆ ಮೆಟ್ಟಿಲು ಬೇಕು. ಲ್ಯಾಟಿನ್ ‘ಸ್ಕೊಲಾ’ ಮೊದಲು ‘ಎಸ್ಕೊಲ್’ ಆಗಿ, ಆಮೇಲೆ ‘ಸ’ ಬಿದ್ದುಹೋಗಿ ‘ಏಕೊಲ್’ ಆಯಿತು. ಪಂಡಿತರ ‘ಸ್ಕೊಲೆರ್’ (ಶಾಲೆಯ) ಮೆಟ್ಟಿಲಿಲ್ಲದೆ ನಿಂತಿತು. ಏತ್ವಾಲ್ (ನಕ್ಷತ್ರ)–ಸ್ತೆಲೆರ್, ಏಪೋಂಝ್ (ಸ್ಪಂಜು)–ಸ್ಪೋಂಝ್ಯ ಇದೇ ದಾರಿ.

ಐದನೆಯದು ಸ್ವರದ ತಲೆಯ ಮೇಲಿನ ಟೋಪಿ. ‘ಫೊರೆ’ (ಕಾಡು) ಎಂಬುದರ ‘ಇ’ ಮೇಲಿನ ಟೋಪಿ, ಬಿದ್ದುಹೋದ ಎಸ್ ಅಕ್ಷರದ ಸಮಾಧಿ ಕಲ್ಲು. ಕುಟುಂಬದಲ್ಲಿ ಎಸ್ ಮತ್ತೆ ಕಾಣುತ್ತದೆ: ಫೊರೆಸ್ತ್ಯೇ (ಕಾಡಿನ), ಓಪಿತಾಲ್–ಓಸ್ಪಿತಾಲ್ಯೇ, ಬೆತ್ (ಪ್ರಾಣಿ)–ಬೆಸ್ತ್ಯಾಲ್. ಇಂಗ್ಲಿಷಿನ ಫಾರೆಸ್ಟ್, ಹಾಸ್ಪಿಟಲ್ ಗೊತ್ತಿರುವ ಮಗುವಿಗೆ ಹೇಳಿಕೊಡಬೇಕಾಗಿಯೇ ಇಲ್ಲ. ಆದರೆ ಟೋಪಿ ಕಂಡಲ್ಲೆಲ್ಲ ಎಸ್ ಹುಡುಕಲು ಹೊರಡಬಾರದು. ಮೇಲೆ ಹೇಳಿದ ‘ಮ್ಯೂರ್’, ‘ಸ್ಯೂರ್’ ಮೇಲೂ ಟೋಪಿಯಿದೆ. ಅಲ್ಲಿ ಹೋದದ್ದು ಎಸ್ ಅಲ್ಲ. ವ್ಯಂಜನ ಕರಗಿ ಪಕ್ಕಪಕ್ಕ ಬಂದ ಎರಡು ಸ್ವರ ಒಂದಾದ ಗುರುತು ಅದು.

ಅನುಮಾನ ಬಂದರೆ ಊಹಿಸಬೇಡಿ. ಸಿಎನ್‌ಆರ್‌ಟಿಎಲ್ ಎಂಬ ಜಾಲತಾಣ ಉಚಿತ. 1971ರಿಂದ 1994ರವರೆಗೆ 16 ಸಂಪುಟಗಳಲ್ಲಿ ಬಂದ ದೊಡ್ಡ ಫ್ರೆಂಚ್ ನಿಘಂಟು ಅಲ್ಲಿ ಪೂರ್ತಿ ಇದೆ. ಪದ ಹಾಕಿ, ವ್ಯುತ್ಪತ್ತಿಯ ಟ್ಯಾಬ್ ಒತ್ತಿ, ಲ್ಯಾಟಿನ್ ಮೂಲ ಬರೆದುಕೊಳ್ಳಿ. ಅನುಮಾನದ ಇನ್ನೊಂದು ಪದಕ್ಕೂ ಹಾಗೇ ಮಾಡಿ. ಎರಡೂ ಒಂದೇ ಲ್ಯಾಟಿನ್ ಪದಕ್ಕೆ ಹೋಗಿ ಮುಟ್ಟಿದರೆ ಒಂದೇ ಕುಟುಂಬ. ಎರಡು ನಿಮಿಷದ ಕೆಲಸ ಮಾರಾಯ್ರೆ.

ಕಿವಿಗೆ ಹೊಂದುವ ಕಥೆಯನ್ನು ಮಾತ್ರ ನಂಬಬೇಡಿ. ಶಿವಮೊಗ್ಗಕ್ಕೆ ‘ಶಿವಮುಖ’ ಎಂದೊಂದು ಕಥೆ, ‘ಸಿಹಿಮೊಗೆ’ ಎಂದು ಇನ್ನೊಂದು. ಎರಡೂ ಕೇಳಲು ಚೆನ್ನಾಗಿಯೇ ಇವೆ. ಹುಳಿಗೋಸಿಗೆ ಫ್ರೆಂಚರು ‘ಶುಕ್ರುತ್’ ಎನ್ನುತ್ತಾರೆ. ‘ಶು’ ಎಂದರೆ ಎಲೆಕೋಸು, ‘ಕ್ರುತ್’ ಎಂದರೆ ರೊಟ್ಟಿಯ ಗಟ್ಟಿ ಸಿಪ್ಪೆ ಎಂದು ಬಿಡಿಸಿದರೆ ಕೆಟ್ಟಿತು. ಅದು ಅಲ್ಸಾಸ್ ಕಡೆಯ ಜರ್ಮನ್ ನುಡಿಯ ಪದ, ಮೊದಲರ್ಧಕ್ಕೆ ‘ಹುಳಿ’, ಎರಡನೆಯದಕ್ಕೆ ‘ಸೊಪ್ಪು, ಕೋಸು’ ಎಂದರ್ಥ. ಫ್ರೆಂಚ್ ಕಿವಿ ತನಗೆ ಗೊತ್ತಿದ್ದ ಪದಗಳಿಗೆ ಹೊಂದಿಸಿಕೊಂಡಿತು.

ಸೋನೆಮಳೆ (ಆಗುಂಬೆ)

ಮೇಲಿನ ಉಪ್ಪಿನ ಕುಟುಂಬಕ್ಕೆ ‘ಸಾಲೆರ್’ (ಸಂಬಳ) ಕೂಡ ಸೇರುತ್ತದೆ, ಲ್ಯಾಟಿನ್ ‘ಸಾಲ್’ನಿಂದಲೇ ಬಂದದ್ದು. ಆದರೆ ರೋಮನ್ ಸಿಪಾಯಿಗಳಿಗೆ ಸಂಬಳವನ್ನು ಉಪ್ಪಿನಲ್ಲೇ ಅಳೆದು ಕೊಡುತ್ತಿದ್ದರು ಎಂಬ ಕಥೆಗೆ ಗಟ್ಟಿ ಆಧಾರವಿಲ್ಲ. ಮಕ್ಕಳಿಗೆ ಪದದ ಸಂಬಂಧ ಹೇಳಿ, ಕಥೆ ಬಿಡಿ.

ಪದಕುಟುಂಬದ ದೊಡ್ಡ ಉಪಯೋಗ ಇನ್ನೂ ಯಾರೂ ಹೇಳಲಿಲ್ಲ. ಉಚ್ಚಾರವಾಗದ ಕೊನೆಯ ವ್ಯಂಜನ ಯಾವುದೆಂದು ಅದೇ ತಿಳಿಸುತ್ತದೆ. ‘ಲೆ’ (ಹಾಲು) ಕೇಳಿದರೆ ಕೊನೆಯಲ್ಲಿ ಏನಿದೆ ಗೊತ್ತಾಗದು, ‘ಲೆತ್ಯೇ’ (ಹಾಲಿನವನು) ನೆನೆದರೆ ಟಿ ಸಿಕ್ಕಿತು. ‘ಗ್ರಾಂ’ (ದೊಡ್ಡ) ಕೊನೆಗೆ ಡಿ, ಏಕೆಂದರೆ ‘ಗ್ರಾಂದೀರ್’ (ಬೆಳೆ). ‘ಪ್ಲೋಂ’ (ಸೀಸ) ಕೊನೆಗೆ ಬಿ, ‘ಪ್ಲೋಂಬ್ಯೇ’ (ಪ್ಲಂಬರ್) ಸಾಕ್ಷಿ. ಉಕ್ತಲೇಖನದಲ್ಲಿ ಇದರಷ್ಟು ಕೆಲಸಕ್ಕೆ ಬರುವುದು ಬೇರೆ ಇಲ್ಲ. ಕೈಕೊಡುವ ಪದಗಳನ್ನು ಮಾತ್ರ ಬಾಯಿಪಾಠ ಮಾಡಿಸಿ: ‘ಆಬ್ರೀ’ (ಆಸರೆ) ಕೊನೆಗೆ ಟಿ ಇಲ್ಲ, ಆದರೆ ‘ಆಬ್ರಿತೇ’ಯಲ್ಲಿ ಇದೆ. ‘ಬೀಝು’ (ಒಡವೆ)–‘ಬೀಝುತ್ಯೇ’ (ಚಿನಿವಾರ), ‘ನ್ಯುಮೇರೋ’–‘ನ್ಯುಮೇರೊತೇ’ ಕೂಡ ಹೀಗೇ ಸುಳ್ಳು ಹೇಳುತ್ತವೆ.

ಇಮ್ಮಡಿ ವ್ಯಂಜನದಲ್ಲಿ ಕುಟುಂಬವನ್ನು ಪೂರ್ತಿ ನಂಬಲು ಆಗದು. ‘ಓನರ್’ (ಗೌರವ) ಎರಡು ಎನ್, ‘ಒನೊರಾಬ್ಲ್’ ಒಂದೇ. ‘ದೊನೇ’ (ಕೊಡು) ಎರಡು, ‘ದೊನಾಸ್ಯೋಂ’ (ದಾನ) ಒಂದು. ಬೇರುಬಿಳಲು ಹೇಳಿದ ತತ್ಸಮದ ತರ್ಕ ಇಲ್ಲಿಯೂ ನಡೆಯುತ್ತದೆ, ಲ್ಯಾಟಿನ್ ಪುಸ್ತಕದಿಂದ ಬಂದವು ಲ್ಯಾಟಿನ್ನಿನ ಒಂಟಿ ಎನ್ ಉಳಿಸಿಕೊಂಡವು. ‘ಶಾರ್’ ಕುಟುಂಬದ ಕಥೆ ಬೇರೆ. ‘ಶಾರೆತ್’ (ಗಾಡಿ), ‘ಶಾರ್ಯೂ’ (ನೇಗಿಲು) ಎರಡು ಆರ್, ‘ಶಾರ್ಯೋ’ (ತಳ್ಳುಗಾಡಿ) ಮಾತ್ರ ಒಂದು ಆರ್. 1990ರ ಡಿಸೆಂಬರ್ 6ರಂದು ಫ್ರೆಂಚ್ ಸರ್ಕಾರದ ಗೆಜೆಟ್ಟಿನಲ್ಲಿ ಬಂದ ಕಾಗುಣಿತ ತಿದ್ದುಪಡಿ ಇದಕ್ಕೂ ಎರಡು ಆರ್ ಕೊಟ್ಟು ಕುಟುಂಬಕ್ಕೆ ಸೇರಿಸಿತು. ಹಳೆಯದೂ ಹೊಸದೂ ಎರಡೂ ಸರಿ, ಮಕ್ಕಳಿಗೆ ಅಂಕ ಕಳೆಯಬೇಡಿ.

ತುಂಗಾತೀರ (ಶಿವಮೊಗ್ಗ)

ತುಂಬಾ ಉಪಕಾರವಾಯಿತು. ಮೆಟ್ಟುಗತ್ತಿ ಹೋಲಿಕೆ ಹಾಗೇ ಹೇಳಿಬಿಡುತ್ತೇನೆ.

ಇದರಿಂದಲೇ ಹುಟ್ಟಿದ ಇನ್ನೊಂದು ಪ್ರಶ್ನೆ. ಮಕ್ಕಳು ‘ತೆರ್’ ಪದದ ‘ಇ’ ಮೇಲೆ ಒತ್ತುಗೆರೆ ಹಾಕುತ್ತಾರೆ, ‘ಎ’ ಎಂದು ಕೇಳುತ್ತದಲ್ಲ. ‘ಪೆರ್’ (ತಂದೆ) ಪದಕ್ಕೆ ಗೆರೆ ಇದೆ, ‘ತೆರ್’ಗೆ ಇಲ್ಲ. ಉಚ್ಚಾರ ಒಂದೇ. ಇದಕ್ಕೇನಾದರೂ ನಿಯಮ ಇದೆಯೇ, ಪದಪದಕ್ಕೂ ಉರು ಹೊಡೆಯಬೇಕೇ?

ಗಮಕಿ_ಸಾಗರ

ಉರು ಬೇಡ. ಬರವಣಿಗೆಯ ಸಿಲಬಲ್ ಕಲಿಸುವುದೇ ಮುಖ್ಯವಾಗಿ ಇದಕ್ಕೋಸ್ಕರ. ಪದ ಮುರಿದ ಮೇಲೆ ‘ಇ’ ತನ್ನ ತುಂಡಿನ ಕೊನೆಗೆ ಬಂದರೆ ಮಾತ್ರ ಅದಕ್ಕೆ ಗೆರೆ. ಅದರ ನಂತರ ಅದೇ ತುಂಡಿನ ವ್ಯಂಜನ ಒತ್ತಿ ನಿಂತಿದ್ದರೆ ಗೆರೆ ಇಲ್ಲ, ವ್ಯಂಜನವೇ ಆ ಕೆಲಸ ಮಾಡುತ್ತದೆ. ಪೆ-ರ: ಗೆರೆ ಬೇಕು. ತೆರ್-ರ: ಬೇಡ. ಎಸ್-ಪ್ವಾರ್: ಬೇಡ. ರೆ-ಗ್ಲ (ನಿಯಮ) ಎಂಬಲ್ಲಿ ಎರಡು ವ್ಯಂಜನ ಇದ್ದರೂ ಗೆರೆ ಬೇಕು, ಏಕೆಂದರೆ ಆಗಲೇ ಹೇಳಿದ ‘ಗ್ಲ’ ಜೋಡಿ ಒಡೆಯದೆ ಮುಂದಕ್ಕೆ ಹೋಯಿತು, ‘ಇ’ ಬಯಲಾಯಿತು. ‘ಎಗ್ಜ಼ಾಮೆಂ’ (ಪರೀಕ್ಷೆ) ಪದದ ಮೊದಲ ‘ಇ’ಗೆ ಗೆರೆ ಇಲ್ಲದ್ದೂ ಇದರಿಂದಲೇ. ಎಕ್ಸ್ ಬರಹದಲ್ಲಿ ಒಂದು, ಬಾಯಲ್ಲಿ ‘ಗ್ಜ಼್’ ಎಂದು ಎರಡು. ಮೊದಲರ್ಧ ಹಿಂದಕ್ಕೆ ಒರಗುತ್ತದೆ, ನಮ್ಮ ಒತ್ತಕ್ಷರದ ಹಾಗೆ. ತಪ್ಪುವುದು ಪದದ ತುದಿಯ ಎಸ್ ಒಂದರಲ್ಲಿ. ‘ಆಪ್ರೆ’ (ಆಮೇಲೆ), ‘ಸ್ಯುಕ್ಸೆ’ (ಯಶಸ್ಸು) ಪದಗಳಿಗೆ ಕೊನೆಗೆ ಮೂಕ ಎಸ್ ಇದ್ದರೂ ಗೆರೆ ಉಂಟು.

ಗೆರೆ ಬಲಕ್ಕೆ ವಾಲಬೇಕೋ ಎಡಕ್ಕೋ? ಮುಂದಿನ ಸಿಲಬಲ್ಲಿನಲ್ಲಿ ಮೂಕ ‘ಇ’ ಇದ್ದರೆ ‘ಎ’ ಉಚ್ಚಾರ, ಕೆಳಗಿಳಿಯುವ ಗೆರೆ. ಇಲ್ಲದಿದ್ದರೆ ‘ಏ’, ಮೇಲೇರುವ ಗೆರೆ. ಒಂದೇ ಕುಟುಂಬದಲ್ಲಿ ಎರಡೂ ಸಿಗುತ್ತವೆ: ಸೆಶ್ (ಒಣ)–ಸೇಶೇ (ಒಣಗಿಸು), ಪೊಎತ್ (ಕವಿ)–ಪೊಏಜ಼ೀ (ಕಾವ್ಯ).

ಮೂಗಿನ ಸ್ವರಕ್ಕೂ ಇದೇ ಕತ್ತಿ ಉಪಯೋಗ. ಎನ್, ಎಮ್ ತನ್ನ ಸಿಲಬಲ್ಲಿನಲ್ಲೇ ಉಳಿದರೆ ಹಿಂದಿನ ಸ್ವರ ಮೂಗಿಗೆ ಹೋಗುತ್ತದೆ. ಮುಂದಿನ ಸ್ವರಕ್ಕೆ ಹಾರಿದರೆ ಮೂಗು ಬಿಟ್ಟು ಸಾದಾ ಆಗುತ್ತದೆ. ಫೆಂ (ಕೊನೆ), ಆದರೆ ಫೀ-ನೀರ್ (ಮುಗಿಸು). ಪಾರ್-ಫೆಂ (ಸುಗಂಧ), ಆದರೆ ಪಾರ್-ಫ್ಯೂ-ಮೇ (ಸುಗಂಧ ಹಚ್ಚು). ನಿಷೇಧದ ಉಪಸರ್ಗವೂ ಹಾಗೇ: ಎಂ-ಝ್ಯುಸ್ತ್ (ಅನ್ಯಾಯದ), ಆದರೆ ಈ-ನ್ಯೂ-ತೀಲ್ (ನಿರುಪಯೋಗಿ). ಇಲ್ಲಿ ಬರವಣಿಗೆಯ ತುಂಡು ನೋಡಿದರೆ ಮೋಸಹೋಗುತ್ತೀರಿ. ‘ಬೊನ್’ (ಒಳ್ಳೆಯ, ಸ್ತ್ರೀಲಿಂಗ) ಎರಡು ಎನ್‌ನಿಂದ ಬೊನ್-ನ ಎಂದು ಮುರಿದರೂ ಮೂಗಿನ ಉಚ್ಚಾರವಿಲ್ಲ. ಇಮ್ಮಡಿ ಎನ್ ಇದ್ದರೆ ಬಾಯಿಯ ಲೆಕ್ಕವನ್ನೇ ಹಿಡಿಯಿರಿ.

ಎಸ್ ಅಕ್ಷರ ಸ್ವರಗಳ ನಡುವೆ ಒಂಟಿಯಾಗಿದ್ದರೆ ‘ಜ಼’, ಇಮ್ಮಡಿಯಾದರೆ ‘ಸ’. ಪ್ವಾ-ಜ಼ೋಂ ಎಂದರೆ ವಿಷ, ಎಸ್ ಇನ್ನೊಂದು ಸೇರಿಸಿ ಪ್ವಾ-ಸೋಂ ಎಂದರೆ ಮೀನು. ಊಟಕ್ಕೆ ಕೂತಾಗ ಈ ವ್ಯತ್ಯಾಸ ಗೊತ್ತಿದ್ದರೆ ಒಳ್ಳೆಯದು.

ಬೇರುಬಿಳಲು (ಕೊಪ್ಪ)

ಗಮಕಿಗಳೇ, ಒಂದು ತಿದ್ದುಪಡಿ. ಎರಡು ಕತ್ತಿ ಬೇರೆಬೇರೆ ಎಂದಿರಿ, ಬಹುಪಾಲು ನಿಜ. ಆದರೆ ಕೆಲವು ಕಡೆ ಅರ್ಥದ ಕತ್ತಿ ಕಿವಿಯ ಕತ್ತಿಯನ್ನು ತಡೆಯುತ್ತದೆ. ‘ವ್ರೆಸಾಂಬ್ಲಾಬ್ಲ್’ (ನಂಬಬಹುದಾದ) ಎಂಬಲ್ಲಿ ಎಸ್ ಒಂಟಿ, ಎರಡೂ ಬದಿ ಸ್ವರ. ನಿಮ್ಮ ನಿಯಮದಂತೆ ‘ಜ಼’ ಆಗಬೇಕಿತ್ತು, ‘ಸ’ ಆಗಿಯೇ ಉಳಿದಿದೆ. ‘ವ್ರೆ’ (ನಿಜ) ಮತ್ತು ‘ಸಾಂಬ್ಲಾಬ್ಲ್’ (ಹೋಲುವ) ಎರಡು ಪದದ ಹೊಲಿಗೆ ಅಲ್ಲಿದೆ, ಮಾತಾಡುವವರಿಗೆ ಆ ಹೊಲಿಗೆ ಇನ್ನೂ ಕಾಣುತ್ತದೆ. ‘ಆಂನ್ವೀ’ (ಬೇಸರ) ಪದದಲ್ಲೂ ಎರಡು ಎನ್ ಇದ್ದು ಮೂಗಿನ ಸ್ವರ ಉಳಿದಿದೆ, ಅದು ಉಪಸರ್ಗದ ಹಟ.

ನಿಷೇಧದ ಉಪಸರ್ಗದಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ‘ಇಮೊಬಿಲ್’ (ಅಲುಗದ) ಲ್ಯಾಟಿನ್ನಿನಿಂದ ಇಡಿಯಾಗಿ ಬಂದ ತತ್ಸಮ, ಮೂಗಿನ ಸ್ವರ ಇಲ್ಲ. ‘ಎಂಮಾಂಝಾಬ್ಲ್’ (ತಿನ್ನಲಾಗದ) ಅದೇ ಎರಡು ಎಮ್ ಇಟ್ಟುಕೊಂಡರೂ ಮೂಗಿನಲ್ಲೇ ಶುರು. ಇದು ‘ಮಾಂಝೇ’ (ತಿನ್ನು) ಎಂಬ ಫ್ರೆಂಚ್ ಕ್ರಿಯಾಪದಕ್ಕೆ ಫ್ರೆಂಚರೇ ಉಪಸರ್ಗ ಅಂಟಿಸಿ ಮಾಡಿಕೊಂಡ ಪದ, ಹೊಲಿಗೆ ಹೊಸದು.

ತುಂಗಾತೀರ (ಶಿವಮೊಗ್ಗ)

ಹಾಗಾದರೆ ‘ಲ್ಯೋಂ’ (ಸಿಂಹ) ಒಂದು ಸಿಲಬಲ್ಲೋ ಎರಡೋ? ಕೇಳಿದ್ದು ಒಂದು, ಪದ್ಯದ ಟಿಪ್ಪಣಿಯಲ್ಲಿ ಎರಡು ಎಂದಿದೆ.

ಗಮಕಿ_ಸಾಗರ

ಬೇರುಬಿಳಲು ಹೇಳಿದ್ದು ಸರಿ, ಒಪ್ಪಿದೆ.

ತುಂಗಾತೀರ ಅವರೇ, ಮಾತಿನಲ್ಲಿ ಒಂದು, ಹಳೆಯ ಪದ್ಯದಲ್ಲಿ ಲಿ-ಯೋಂ ಎಂದು ಎರಡು. ‘ನಾಸ್ಯೋಂ’ (ರಾಷ್ಟ್ರ) ಕೂಡ ಪದ್ಯದಲ್ಲಿ ಮೂರಾಗುತ್ತದೆ. ಲ್ಯಾಟಿನ್ನಿನಲ್ಲಿ ಅಲ್ಲಿ ಎರಡು ಸ್ವರ ಬೇರೆಬೇರೆ ಇದ್ದವು, ಕವಿಗಳು ಆ ಹಳೆಯ ಲೆಕ್ಕ ಬಿಡಲಿಲ್ಲ. ಮಾತಿನಲ್ಲಿಯೂ ಕೂಡಿಸಲು ಆಗದ್ದು ಒಂದಿದೆ. ‘ಇ’ ಮತ್ತು ಸ್ವರದ ಹಿಂದೆ ಒಡೆಯದ ಜೋಡಿ ಇದ್ದರೆ, ಉದಾಹರಣೆಗೆ ಉ-ವ್ರಿ-ಯೇ (ಕಾರ್ಮಿಕ), ಅದು ಯಾವಾಗಲೂ ಮೂರೇ. ‘ವ್ರ್ಯೇ’ ಎಂದು ಒಂದೇ ಉಸಿರಿಗೆ ಹೇಳಿಸಿ ನೋಡಿ, ಯಾಕೆಂದು ಮಕ್ಕಳ ನಾಲಿಗೆಯೇ ಹೇಳುತ್ತದೆ.